ಸಬ್‌ಗ್ರಾಫ್ ಬರೆದಾಯ್ತು, ಡಾಕ್ಸ್ ಯಾವಾಗ? ಬ್ಲಾಕ್‌ಚೈನ್ ಇಂಡೆಕ್ಸಿಂಗ್ ಪ್ರಾಜೆಕ್ಟ್‌ಗೆ ಡಾಕ್ಯುಮೆಂಟೇಶನ್ ಬರೆಯೋ ಕ್ರಮ

ರಾತ್ರಿ ಹನ್ನೊಂದೂವರೆಗೆ ನಮ್ಮ ಟೀಮಿನ ಫ್ರಂಟ್‌ಎಂಡ್ ಹುಡುಗ ಮೆಸೇಜ್ ಹಾಕಿದ, "ಅಣ್ಣಾ, ಕ್ವೆರಿ ಓಡ್ತಿದೆ, ಎರರ್ ಇಲ್ಲ, ಆದ್ರೆ ಡೇಟಾನೂ ಇಲ್ಲ, ಖಾಲಿ ಅರೇ ಬರ್ತಿದೆ". ಎಂಡ್‌ಪಾಯಿಂಟ್ ನೋಡು ಅಂದೆ, ಸರಿ ಇತ್ತು. ಸಿಂಕ್ ಆಗಿದ್ಯಾ ನೋಡು ಅಂದೆ, ಆಗಿತ್ತು. ಒಂದೂವರೆ ಗಂಟೆ ಇಬ್ರೂ ತಲೆ ಕೆರ್ಕೊಂಡ ಮೇಲೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಅವನು ವಾಲೆಟ್ ಅಡ್ರೆಸ್‌ನ ಎಕ್ಸ್‌ಪ್ಲೋರರ್‌ನಿಂದ (ಚೈನ್ ನೋಡೋ ವೆಬ್‌ಸೈಟು) ಕಾಪಿ ಮಾಡಿದ್ದ, ಅದರಲ್ಲಿ ಕೆಲವು ಅಕ್ಷರ ಕ್ಯಾಪಿಟಲ್ಲು ಕೆಲವು ಸ್ಮಾಲು ಇರತ್ತೆ, ಚೆಕ್‌ಸಮ್‌ಗೋಸ್ಕರ, ಅಂದ್ರೆ ಟೈಪಿಂಗ್ ತಪ್ಪು ಹಿಡಿಯಕ್ಕೆ, ಹಂಗೆ ಬರೀತಾರೆ, ನಮ್ಮ ಸಬ್‌ಗ್ರಾಫ್‌ನಲ್ಲಿ (ಚೈನ್ ಡೇಟಾನ ಹುಡುಕೋ ಹಾಗೆ ಜೋಡಿಸಿಡೋ ನಮ್ಮ ಇಂಡೆಕ್ಸಿಂಗ್ ಪ್ರಾಜೆಕ್ಟು) ಅದೇ ಅಡ್ರೆಸ್ ಸ್ಟ್ರಿಂಗ್ ಆಗಿ ಪೂರ್ತಿ ಸ್ಮಾಲ್ ಲೆಟರ್‌ನಲ್ಲಿ ಕೂತಿದೆ. ಮ್ಯಾಚ್ ಆಗೋದಾದ್ರೂ ಹೇಗೆ. ರೀಡ್‌ಮೀ ಬರೆದವನು ನಾನೇ. ಡಾಕರ್ ಇನ್‌ಸ್ಟಾಲ್ ಮಾಡೋದರ ಬಗ್ಗೆ ಅದರಲ್ಲಿ ನಲವತ್ತು ಸಾಲು ಇತ್ತು, "ಅಡ್ರೆಸ್‌ನ ಸ್ಮಾಲ್ ಲೆಟರ್‌ಗೆ ಬದಲಾಯಿಸಿ ಕಳಿಸಿ" ಅನ್ನೋ ಒಂದು ಸಾಲು ಇರಲಿಲ್ಲ.

ಆಮೇಲಿಂದ ನಾನು ಇಂಡೆಕ್ಸಿಂಗ್ ಪ್ರಾಜೆಕ್ಟ್‌ಗೆ ಡಾಕ್ಸ್ ಬರೆಯೋ ರೀತಿನೇ ಬದಲಾಯ್ತು. ಮಾಮೂಲಿ ವೆಬ್ ಎಪಿಐ ಆದ್ರೆ ತಪ್ಪು ಮಾಡಿದ್ರೆ ಅದು ಕಿರುಚತ್ತೆ, 400 ಕೊಡತ್ತೆ, 404 ಕೊಡತ್ತೆ. ಇಂಡೆಕ್ಸರ್ ಕಿರುಚಲ್ಲ, ಸುಮ್ನೆ ತಪ್ಪು ನಂಬರ್ ಕೊಟ್ಟು ಆರಾಮಾಗಿ ಇರತ್ತೆ. ಹಂಗಾಗಿ ಡಾಕ್ಸ್‌ನ ಮುಕ್ಕಾಲು ಪಾಲು ಹೋಗ್ಬೇಕಾಗಿರೋದು "ಈ ನಂಬರ್ ಅಂದ್ರೆ ಏನು, ಯಾವಾಗ ಇದನ್ನ ನಂಬಬಾರದು" ಅನ್ನೋದಕ್ಕೆ. ನಾನು ಇಲ್ಲಿ ಉದಾಹರಣೆಗೆ ಇಥೀರಿಯಮ್ಮು, ದಿ ಗ್ರಾಫ್ ಅನ್ನೋ ಇಂಡೆಕ್ಸಿಂಗ್ ಟೂಲ್‌ನ ಸಬ್‌ಗ್ರಾಫ್ ಇಟ್ಕೊಂಡಿದೀನಿ, ನೀವು ಬೇರೆ ಟೂಲ್ ಬಳಸ್ತಿದ್ರೂ ಕ್ರಮ ಬಹುಪಾಲು ಇದೇ.

ಮೊದಲು: ಕಿರ್ದಿ ಯಾವುದು, ಖಾತೆ ಯಾವುದು ಅಂತ ಒಂದು ಪ್ಯಾರಾ

ಹಳೇ ಮಂಡಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರ್ತಿತ್ತಲ್ಲ, ಕಿರ್ದಿಯಲ್ಲಿ ಆದ ವ್ಯವಹಾರ ಆದ ಹಾಗೆ ದಿನದ ಲೆಕ್ಕದಲ್ಲಿ ಬರ್ಕೊಂಡು ಹೋಗೋದು, ಆಮೇಲೆ ಅದನ್ನ ನೋಡಿ ಒಬ್ಬೊಬ್ಬ ಗಿರಾಕಿ ಹೆಸರಲ್ಲಿ ಖಾತೆ ಪುಸ್ತಕಕ್ಕೆ ಎತ್ತೋದು. ಬ್ಲಾಕ್‌ಚೈನ್ ಅನ್ನೋದು ಕಿರ್ದಿ. ನೋಡ್‌ಗೆ (ಚೈನ್‌ನ ಕಾಪಿ ಇಟ್ಕೊಂಡಿರೋ ಕಂಪ್ಯೂಟರು) "ಈ ಬ್ಲಾಕಿಂದ ಆ ಬ್ಲಾಕ್ ತನಕ ಈ ಕಾಂಟ್ರಾಕ್ಟ್‌ನ (ಚೈನ್ ಮೇಲೆ ಓಡೋ ಪ್ರೋಗ್ರಾಮು) ಲಾಗ್ ಕೊಡು" ಅಂದ್ರೆ ಕೊಡತ್ತೆ, "ಈ ವಾಲೆಟ್ ಹೋದ ವಾರ ಯಾವ ಯಾವ ಟೋಕನ್ ಎಷ್ಟೆಷ್ಟು ಮಾರಿದ್ದು, ದೊಡ್ಡದು ಮೇಲೆ ಬರೋ ಹಾಗೆ ಜೋಡ್ಸು" ಅಂದ್ರೆ ಅದಕ್ಕೆ ಆಗಲ್ಲ. ಇಂಡೆಕ್ಸರ್ ಮಾಡೋದು ಖಾತೆ ಎತ್ತೋ ಕೆಲಸ. ಇವೆಂಟ್ (ಕಾಂಟ್ರಾಕ್ಟ್ ಬಿಡೋ ಲಾಗ್ ಸಾಲು) ಬರತ್ತೆ, ಮ್ಯಾಪಿಂಗ್ ಫಂಕ್ಷನ್ ಅದನ್ನ ಓದಿ ಎಂಟಿಟಿಗಳಾಗಿ, ಅಂದ್ರೆ ಟೇಬಲ್ ಸಾಲುಗಳಾಗಿ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರೆಯತ್ತೆ, ನೀವು ಗ್ರಾಫ್‌ಕ್ಯೂಎಲ್ ಅನ್ನೋ ಕ್ವೆರಿ ಭಾಷೆಯಲ್ಲಿ ಕೇಳ್ತೀರಿ.

ಡಾಕ್ಸ್ ಮೊದಲ ಪುಟದಲ್ಲಿ ಇದನ್ನ ನಾಲ್ಕು ಸಾಲಲ್ಲಿ ಹೇಳಿಬಿಡಿ, ಬ್ಲಾಕ್‌ಚೈನ್ ಅಂದ್ರೇನು ಅಂತ ಪುರಾಣ ಬೇಡ. ಆದ್ರೆ ಕಿರ್ದಿಯಿಂದ ಖಾತೆಗೆ ಯಾವ ನಿಯಮದಲ್ಲಿ ಎತ್ತಿದೀರಿ ಅನ್ನೋದು ಮಾತ್ರ ಬಿಡಬೇಡಿ, ಅದು ನಿಮ್ಮ ತಲೇಲಿ ಬಿಟ್ರೆ ಇನ್ನೆಲ್ಲೂ ಇರಲ್ಲ.

ಯಾರು ಓದ್ತಾರೆ ಅಂತ ನೋಡ್ಕೊಳ್ಳಿ

ಮೂರು ಥರದ ಜನ ಬರ್ತಾರೆ. ಕ್ವೆರಿ ಮಾಡೋರು, ಅಂದ್ರೆ ಫ್ರಂಟ್‌ಎಂಡ್‌ನೋರು, ಡೇಟಾ ಅನಲಿಸ್ಟ್‌ಗಳು. ಇಂಡೆಕ್ಸರ್‌ನ ಓಡಿಸೋರು. ಮ್ಯಾಪಿಂಗ್ ಕೋಡ್ ತಿದ್ದೋರು. ಸಂಖ್ಯೆ ನೋಡಿದ್ರೆ ಮೊದಲನೇ ಗುಂಪೇ ದೊಡ್ಡದು, ಆದ್ರೆ ರೀಡ್‌ಮೀಗಳೆಲ್ಲಾ ಶುರುವಾಗೋದು ಮೂರನೇ ಗುಂಪಿಗೆ ಬೇಕಾದ ಕೋಡ್‌ಜೆನ್, ಬಿಲ್ಡ್, ಡಿಪ್ಲಾಯ್‌ನಿಂದ, ಯಾಕಂದ್ರೆ ಬರೆಯೋನು ಆ ಗುಂಪಿನವನು. ಒಂದು ಕ್ವೆರಿ ಮಾಡಕ್ಕೆ ಬಂದೋನಿಗೆ ಪಾಪ ನೋಡ್ ವರ್ಷನ್ ಕಟ್ಕೊಂಡು ಏನಾಗ್ಬೇಕು? ಮೂರು ಬೇರೆ ಬೇರೆ ಪುಟ ಮಾಡಿ, ಕ್ವೆರಿ ಪುಟ ಮೊದಲು ಇಡಿ, ಅಷ್ಟೇ.

ಮೊದಲ ಪುಟದಲ್ಲಿ ಏನಿರ್ಬೇಕು

ಯಾವ ಚೈನು, ಯಾವ ಕಾಂಟ್ರಾಕ್ಟು, ಯಾವ ಬ್ಲಾಕಿಂದ ಶುರು, ಎಂಡ್‌ಪಾಯಿಂಟ್ ಎಲ್ಲಿದೆ, ಮತ್ತೆ ಕಾಪಿ ಪೇಸ್ಟ್ ಮಾಡಿದ್ರೆ ಹಂಗೇ ಓಡೋ ಒಂದು ಕ್ವೆರಿ, ಅದರ ಕೆಳಗೇ ಅದು ಕೊಟ್ಟ ಉತ್ತರ. ಉತ್ತರ ಹಾಕೋದನ್ನ ತುಂಬಾ ಜನ ಬಿಡ್ತಾರೆ. ಹಾಕಿದ್ರೆ ಓದೋನಿಗೆ ತನಗೆ ಬಂದಿದ್ದು ಸರಿನಾ ತಪ್ಪಾ ಅಂತ ತಾಳೆ ನೋಡಕ್ಕೆ ಏನಾದ್ರೂ ಸಿಗತ್ತೆ.

ಶುರುವಿನ ಬ್ಲಾಕ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಟೋಕನ್ ಅದಲು ಬದಲು ಮಾಡೋ ಯೂನಿಸ್ವಾಪ್ ವಿ2 ತಗೊಳ್ಳಿ, ಅದರ ಫ್ಯಾಕ್ಟರಿ ಕಾಂಟ್ರಾಕ್ಟ್ (ಎರಡು ಟೋಕನ್‌ನ ಜೋಡಿಗಳನ್ನ, ಅಂದ್ರೆ ಪೇರ್‌ಗಳನ್ನ, ಹುಟ್ಟಿಸೋದು) ಇಥೀರಿಯಮ್ ಮೇಲೆ ಬಂದಿದ್ದು 2020ರ ಮೇ ತಿಂಗಳಲ್ಲಿ, ಬ್ಲಾಕ್ 1,00,00,835ರಲ್ಲಿ. ನಮ್ಮ ಲೆಕ್ಕದಲ್ಲಿ ಬರೆದ್ರೆ ಒಂದು ಕೋಟಿ ಎಂಟುನೂರ ಮೂವತ್ತೈದು, ನೆನಪಿಡಕ್ಕೆ ಸುಲಭ. ಸಬ್‌ಗ್ರಾಫ್‌ನ ಸೆಟ್ಟಿಂಗ್ ಇರೋ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಸ್ಟಾರ್ಟ್ ಬ್ಲಾಕ್ ಹಾಕದೇ ಬಿಟ್ರೆ ಸೊನ್ನೆಯಿಂದ ಶುರು, ಏನೂ ಇಲ್ಲದ ಒಂದು ಕೋಟಿ ಬ್ಲಾಕ್‌ನ ಸುಮ್ನೆ ದಾಟ್ಕೊಂಡು ಬರ್ಬೇಕು. ಅದು ಬರೀ ಟೈಮ್ ವೇಸ್ಟು, ಹೋಗ್ಲಿ. ಯಾರೋ ಟೆಸ್ಟಿಂಗ್ ಬೇಗ ಆಗ್ಲಿ ಅಂತ ಮುಂದಿನ ಬ್ಲಾಕ್ ನಂಬರ್ ಹಾಕಿ ವಾಪಸ್ ಬದಲಾಯಿಸೋದು ಮರೆತ್ರೆ ಅದು ಅಪಾಯ, ಮೊದಲ ಕೆಲವು ತಿಂಗಳ ಪೇರ್‌ಗಳೇ ಇರಲ್ಲ, ಟೋಟಲ್‌ಗಳೆಲ್ಲಾ ಕಮ್ಮಿ, ಯಾವ ಎರರೂ ಇಲ್ಲ. ಅದಕ್ಕೇ ನಂಬರ್ ಜೊತೆ ಕಾರಣನೂ ಬರೀರಿ, "ಫ್ಯಾಕ್ಟರಿ ಡಿಪ್ಲಾಯ್ ಆದ ಬ್ಲಾಕ್ ಇದು, ಇದಕ್ಕಿಂತ ಮುಂದೆ ತಳ್ಳಬೇಡಿ" ಅಂತ.

ಯೂನಿಸ್ವಾಪ್ ಥರದ ಪ್ರಾಜೆಕ್ಟ್‌ನಲ್ಲಿ ಇನ್ನೊಂದು ವಿಷ್ಯ ಇದೆ. ಪ್ರತಿ ಪೇರೂ ಒಂದು ಹೊಸ ಕಾಂಟ್ರಾಕ್ಟು, ಫ್ಯಾಕ್ಟರಿ ಪೇರ್ ಕ್ರಿಯೇಟೆಡ್ ಇವೆಂಟ್ ಬಿಟ್ಟಾಗ ಸಬ್‌ಗ್ರಾಫು ಟೆಂಪ್ಲೇಟ್ ಇಟ್ಕೊಂಡು ಅಲ್ಲಿಂದ ಮುಂದೆ ಆ ಕಾಂಟ್ರಾಕ್ಟ್‌ನೂ ಗಮನಿಸಕ್ಕೆ ಶುರು ಮಾಡತ್ತೆ. ಇದನ್ನ ಹೇಳದಿದ್ರೆ ಹೊಸಬರು ಮ್ಯಾನಿಫೆಸ್ಟ್ ತೆಗೆದು ನೋಡಿ "ಇಲ್ಲಿ ಒಂದೇ ಅಡ್ರೆಸ್ ಇದೆ, ಮಿಕ್ಕ ಪೇರ್ ಎಲ್ಲಿ" ಅಂತ ಕೇಳೇ ಕೇಳ್ತಾರೆ.

ಸ್ಕೀಮಾ: ಇಲ್ಲೇ ಕೂತ್ಕೊಂಡು ಟೈಮ್ ಕೊಡಿ

ಸ್ಕೀಮಾ ಅಂದ್ರೆ ಯಾವ ಎಂಟಿಟಿಯಲ್ಲಿ ಯಾವ ಫೀಲ್ಡ್ ಇದೆ ಅನ್ನೋ ಪಟ್ಟಿ, ಇದು ಡಾಕ್ಸ್‌ನ ಹೊಟ್ಟೆ. ಒಂದೊಂದು ಫೀಲ್ಡ್‌ಗೂ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ: ಇದರ ಯೂನಿಟ್ ಏನು, ಯಾವ ಇವೆಂಟ್‌ನಿಂದ ಬಂತು, ಬರೆದ ಮೇಲೆ ಬದಲಾಗತ್ತಾ, ನಲ್ (ಖಾಲಿ) ಬರಬಹುದಾ. ಗ್ರಾಫ್‌ಕ್ಯೂಎಲ್ ಸ್ಕೀಮಾದಲ್ಲಿ ಫೀಲ್ಡ್ ಮೇಲೇ ಮೂರು ಕೊಟೇಶನ್ ಮಾರ್ಕ್ ಒಳಗೆ ವಿವರಣೆ ಬರೀಬಹುದು, ಬೇರೆ ವಿಕಿ ಪುಟದಲ್ಲಿ ಬರೆಯೋ ಬದಲು ಅಲ್ಲೇ ಬರೀರಿ, ಫೀಲ್ಡ್ ತಿದ್ದೋನ ಕಣ್ಣಿಗೆ ವಿವರಣೆನೂ ಬೀಳತ್ತೆ.

ಯೂನಿಟ್ ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕ ಹಾಕಿ ನೋಡೋಣ. ಚೈನ್ ಮೇಲೆ ದಶಮಾಂಶ ಇಲ್ಲ, ಎಲ್ಲಾ ಪೂರ್ಣಾಂಕ. ಆ ಪೂರ್ಣಾಂಕದ ಕೊನೇ ಎಷ್ಟು ಅಂಕಿನ ದಶಮಾಂಶ ಅಂತ ಓದ್ಬೇಕು ಅನ್ನೋದೇ ಡೆಸಿಮಲ್: ಈಥರ್‌ಗೆ (ಇಥೀರಿಯಮ್‌ನ ನಾಣ್ಯ) 18, ಯುಎಸ್‌ಡಿಸಿಗೆ (ಡಾಲರ್ ಟೋಕನ್) 6, ಡಬ್ಲ್ಯೂಬಿಟಿಸಿಗೆ (ಬಿಟ್‌ಕಾಯಿನ್ ಟೋಕನ್) 8. ಯಾರೋ 25 ಯುಎಸ್‌ಡಿಸಿ ಕಳಿಸಿದ್ರು ಅಂದ್ರೆ ಇವೆಂಟ್‌ನಲ್ಲಿ ಇರೋದು 25000000. ನಿಮ್ಮ ಫ್ರಂಟ್‌ಎಂಡ್‌ನೋರು ಎಲ್ಲಾ ಟೋಕನ್ನೂ ಈಥರ್ ಥರಾನೇ ಅಂದ್ಕೊಂಡು 1ರ ಮುಂದೆ 18 ಸೊನ್ನೆ ಇರೋ ಸಂಖ್ಯೆಯಿಂದ ಭಾಗಿಸಿದ್ರೆ ಸ್ಕ್ರೀನ್ ಮೇಲೆ ಬರೋದು 0.000000000025, ಎರಡು ದಶಮಾಂಶಕ್ಕೆ ರೌಂಡ್ ಮಾಡಿದ್ರೆ ಸೊನ್ನೆ. ಯೂಸರ್ ಫೋನ್ ಮಾಡಿ ನನ್ನ ದುಡ್ಡು ಎಲ್ಲಿ ಅಂತಾನೆ. ಆದ್ದರಿಂದ ಫೀಲ್ಡ್ ವಿವರಣೆಯಲ್ಲಿ "ಅಮೌಂಟ್" ಅಂತ ಬರೆದು ಕೈ ತೊಳ್ಕೊಬೇಡಿ, "ಟೋಕನ್‌ನ ಅತಿ ಚಿಕ್ಕ ಯೂನಿಟ್‌ನಲ್ಲಿ, ಡೆಸಿಮಲ್‌ನಿಂದ ಭಾಗಿಸಿಲ್ಲ" ಅಥವಾ "ಆಗ್ಲೇ ಭಾಗಿಸಿದೆ" ಅಂತ ಬಿಡಿಸಿ ಬರೀರಿ. ಅಂದ ಹಾಗೆ ಇಆರ್‌ಸಿ 20 ಅನ್ನೋ ಟೋಕನ್ ಸ್ಟಾಂಡರ್ಡ್‌ನಲ್ಲಿ ಹೆಸರು, ಸಿಂಬಲ್ಲು, ಡೆಸಿಮಲ್ಲು ಮೂರೂ ಐಚ್ಛಿಕ, ಇರಲೇಬೇಕು ಅಂತಿಲ್ಲ. ಎಂಕೆಆರ್ ಥರದ ಹಳೇ ಟೋಕನ್‌ಗಳು ಹೆಸರನ್ನ ಸ್ಟ್ರಿಂಗ್ ಆಗಿ ಕೊಡಲ್ಲ, 32 ಬೈಟ್ ಆಗಿ ಕೊಡತ್ವೆ. ಇಂಥ ಕಡೆ ನಿಮ್ಮ ಕೋಡ್ ಏನು ಮಾಡತ್ತೆ, ಖಾಲಿ ಬಿಡತ್ತಾ, "ಅನ್‌ನೋನ್" ಅಂತ ಹಾಕತ್ತಾ, ಅದನ್ನೂ ಒಂದು ಸಾಲು ಬರೀರಿ.

ದೊಡ್ಡ ಪೂರ್ಣಾಂಕಗಳು ಜೇಸನ್‌ನಲ್ಲಿ ಸ್ಟ್ರಿಂಗ್ ಆಗಿ ಬರತ್ವೆ, ಯಾಕೆ ಅಂತಾನೂ ಹೇಳಿ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ ಸರಿಯಾಗಿ ಹಿಡಿದಿಡೋದು 9007199254740991 ತನಕ ಮಾತ್ರ, 0.01 ಈಥರ್‌ನ ವೇಯಲ್ಲಿ (ಈಥರ್‌ನ ಅತಿ ಚಿಕ್ಕ ಯೂನಿಟ್) ಬರೆದ್ರೆನೇ ಅದು ದಾಟಿ ಹೋಗತ್ತೆ. ನಂಬರ್‌ಗೆ ಕನ್ವರ್ಟ್ ಮಾಡಿದ್ರೆ ಕೊನೇ ಅಂಕಿಗಳು ಸದ್ದಿಲ್ಲದೆ ಬದಲಾಗ್ಬಹುದು. ಬಿಗ್‌ಇಂಟ್ ಬಳಸಿ ಅಂತ ಹೇಳಿ, ಉದಾಹರಣೆ ಕೋಡ್‌ನಲ್ಲೂ ಅದನ್ನೇ ಬಳಸಿ, ಜನ ಓದೋಕಿಂತ ಜಾಸ್ತಿ ಕಾಪಿ ಮಾಡ್ತಾರೆ.

ಇನ್ನು "ಬ್ಯಾಲೆನ್ಸ್", "ವಾಲ್ಯೂಮ್" ಥರದ ಫೀಲ್ಡ್‌ಗಳು. ಇವು ಚೈನ್ ಮೇಲೆ ನೇರವಾಗಿ ಬಿದ್ದಿರೋ ಸಂಗತಿಗಳಲ್ಲ, ನೀವು ಲೆಕ್ಕ ಹಾಕಿದ್ದು. ಟ್ರಾನ್ಸ್‌ಫರ್ ಇವೆಂಟ್‌ಗಳನ್ನ ಕೂಡಿ ಕಳೆದು ಬ್ಯಾಲೆನ್ಸ್ ತೆಗೆದಿದ್ರೆ ಸಾಮಾನ್ಯ ಟೋಕನ್‌ಗೆ ಸರಿ, ಆದ್ರೆ ಲೀಡೋದ ಎಸ್‌ಟಿ‌ಈಥ್ ಥರದ ರೀಬೇಸಿಂಗ್ ಟೋಕನ್‌ನಲ್ಲಿ ಯಾರೂ ಕಳಿಸದೇನೇ ಎಲ್ಲರ ಬ್ಯಾಲೆನ್ಸೂ ಬದಲಾಗತ್ತೆ, ಒಬ್ಬೊಬ್ಬರ ಹೆಸರಲ್ಲಿ ಟ್ರಾನ್ಸ್‌ಫರ್ ಇವೆಂಟ್ ಬರಲ್ಲ, ನಿಮ್ಮ ಖಾತೆ ಹಿಂದೆ ಬೀಳತ್ತೆ. "ರೀಬೇಸಿಂಗ್ ಟೋಕನ್‌ಗೆ ಈ ಫೀಲ್ಡ್ ನಂಬಬೇಡಿ" ಅಂತ ಅಲ್ಲೇ ಬರೀರಿ. ಡಾಲರ್ ವಾಲ್ಯೂಮ್ ಕಥೆ ಇನ್ನೂ ಮಜಾ. ಯಾರೋ ತನ್ನದೇ ಒಂದು ಟೋಕನ್ ಹುಟ್ಟುಹಾಕಿ ತಾನೇ ಕೊಂಡು ತಾನೇ ಮಾರಿ ಬೆಲೆ ಎಷ್ಟು ಬೇಕಾದ್ರೂ ಏರಿಸ್ಬಹುದು, ಅದನ್ನೆಲ್ಲಾ ಕೂಡಿದ್ರೆ ವಾಲ್ಯೂಮ್ ಆಕಾಶಕ್ಕೆ ಹೋಗತ್ತೆ. ಯೂನಿಸ್ವಾಪ್ ವಿ2 ಸಬ್‌ಗ್ರಾಫ್‌ನಲ್ಲಿ ಅದಕ್ಕೇ ನಂಬಿಕಸ್ತ ಟೋಕನ್‌ಗಳ ಒಂದು ಪಟ್ಟಿ ಇಟ್ಟು ಅದರ ಆಧಾರದ ಮೇಲೆ ಲೆಕ್ಕ ಹಾಕಿದ ವಾಲ್ಯೂಮ್ ಒಂದು ಫೀಲ್ಡು, ಯಾವ ಸೋಸಾಟನೂ ಇಲ್ಲದ "ಅನ್‌ಟ್ರ್ಯಾಕ್ಡ್" ವಾಲ್ಯೂಮ್ ಇನ್ನೊಂದು ಫೀಲ್ಡು ಅಂತ ಬೇರೆ ಮಾಡಿದಾರೆ. ಹೆಸರಲ್ಲೇ ಎಚ್ಚರಿಕೆ ಇದೆ. ನೀವೂ ಹಂಗೆ ಮಾಡಿದ್ರೆ ಪಟ್ಟಿ ಯಾವ ಫೈಲ್‌ನಲ್ಲಿದೆ, ಅದಕ್ಕೆ ಟೋಕನ್ ಸೇರಿಸೋದು ಯಾರು ಅಂತ ಡಾಕ್ಸ್‌ನಲ್ಲಿ ಇರ್ಲಿ.

ಡೇಟಾ ಎಷ್ಟು ಹೊಸದು, ಎಷ್ಟು ಗಟ್ಟಿ

ಇಥೀರಿಯಮ್‌ನಲ್ಲಿ 12 ಸೆಕೆಂಡಿಗೊಂದು ಸ್ಲಾಟು (ಬ್ಲಾಕ್ ಹಾಕೋ ಸರದಿ), 32 ಸ್ಲಾಟ್ ಸೇರಿ ಒಂದು ಇಪಾಕು, ಅಂದ್ರೆ 6.4 ನಿಮಿಷ. ಎಲ್ಲಾ ಸರಿಯಾಗಿ ನಡೀತಿದ್ರೆ ಒಂದು ಬ್ಲಾಕು ಫೈನಲ್ ಆಗಕ್ಕೆ, ಅಂದ್ರೆ ಮತ್ತೆ ಬದಲಾಗದ ಹಾಗೆ ಗಟ್ಟಿಯಾಗಕ್ಕೆ, ಸುಮಾರು ಎರಡು ಇಪಾಕು, ಹದಿಮೂರು ನಿಮಿಷ ಹತ್ತಿರ. ಅದಕ್ಕೂ ಮುಂಚೆ ಬ್ಲಾಕ್ ಬದಲಾಗೋ ಸಾಧ್ಯತೆ ಇರತ್ತೆ, ರೀಆರ್ಗ್ ಅಂತೀವಲ್ಲ ಅದು. ಪುಸ್ತಕದ ಬದನೆಕಾಯಿ ಅಂದ್ಕೋಬೇಡಿ, 2022ರ ಮೇ 25ರಂದು ಇಥೀರಿಯಮ್‌ನ ಬೀಕನ್ ಚೈನ್‌ನಲ್ಲಿ ಒಂದೇ ಸಲ 7 ಬ್ಲಾಕ್ ರೀಆರ್ಗ್ ಆಗಿತ್ತು.

ಸಬ್‌ಗ್ರಾಫ್ ಓಡಿಸೋ ಪ್ರೋಗ್ರಾಮಾದ ಗ್ರಾಫ್ ನೋಡ್, ರೀಆರ್ಗ್ ಬಂದ್ರೆ ತಾನೇ ಹಿಂದೆ ಹೋಗಿ ತಪ್ಪು ಎಂಟ್ರಿ ಅಳಿಸಿ ಹೊಸದು ಬರೆಯತ್ತೆ, ಆ ತಲೆನೋವು ನಿಮಗಿಲ್ಲ. ತಲೆನೋವು ನಿಮ್ಮಿಂದ ಡೇಟಾ ತಗೊಂಡೋರಿಗೆ. ಅವರು ಅದನ್ನ ತಮ್ಮ ಡೇಟಾಬೇಸ್‌ಗೆ ಕಾಪಿ ಮಾಡಿಟ್ಕೊಂಡಿದ್ರೆ, ಇಲ್ಲಾ "ದುಡ್ಡು ಬಂತು" ಅಂತ ಎಸ್ಎಂಎಸ್ ಕಳಿಸಿಬಿಟ್ಟಿದ್ರೆ, ಅದನ್ನ ಯಾರು ವಾಪಸ್ ತಗೋತಾರೆ? ಹಂಗಾಗಿ ಈ ವಿಭಾಗದಲ್ಲಿ ಒಂದು ಶಿಫಾರಸು ಖಡಾಖಂಡಿತವಾಗಿ ಬರೀರಿ, ತೋರಿಸೋದಕ್ಕಾದ್ರೆ ತುದಿಯ ಬ್ಲಾಕ್ ಪರವಾಗಿಲ್ಲ, ದುಡ್ಡಿನ ನಿರ್ಧಾರಕ್ಕಾದ್ರೆ ಫೈನಲ್ ಆಗೋ ತನಕ ಕಾಯಿರಿ ಅಂತ.

ಜೊತೆಗೆ ಮೆಟಾ ಫೀಲ್ಡ್ ಪರಿಚಯ ಮಾಡ್ಸಿ. ಅಂಡರ್‌ಸ್ಕೋರ್ ಮೆಟಾ ಅಂತ ಕೇಳಿದ್ರೆ ಇಂಡೆಕ್ಸರ್ ಯಾವ ಬ್ಲಾಕ್ ತನಕ ಓದಿದೆ, ಮಧ್ಯೆ ಇಂಡೆಕ್ಸಿಂಗ್ ಎರರ್ ಆಗಿದ್ಯಾ ಎರಡೂ ಹೇಳತ್ತೆ. ಪ್ರತಿ ಉದಾಹರಣೆ ಕ್ವೆರಿಗೂ ಇದನ್ನ ಸೇರಿಸಿಡಿ, ಆಗ "ನನ್ನ ಟ್ರಾನ್ಸಾಕ್ಷನ್ ಯಾಕೆ ಕಾಣ್ತಿಲ್ಲ" ಅನ್ನೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅವರೇ ಉತ್ತರ ಕಂಡ್ಕೋತಾರೆ.

ಕ್ವೆರಿ ಉದಾಹರಣೆಗಳು, ಮತ್ತೆ ಆ 100ರ ಗೋಳು

ಒಂದ್ಸಲ ಒಬ್ರು ರಿಪೋರ್ಟ್ ಕಳಿಸಿದ್ರು, ಟೋಕನ್‌ಗೆ ಸರಿಯಾಗಿ 100 ಜನ ಹೋಲ್ಡರ್‌ಗಳಿದಾರೆ ಅಂತ. ಇನ್ನೊಂದು ಟೋಕನ್‌ಗೂ 100. ಮೂರನೇದಕ್ಕೂ 100. ನೂರಕ್ಕೆ ನೂರು ಅಂದ್ರೆ ಇದೇ ಇರ್ಬೇಕು! ವಿಷ್ಯ ಇಷ್ಟೇ, ಎಷ್ಟು ಬೇಕು ಅಂತ ಹೇಳದೇ ಇದ್ರೆ ಬರೋದು 100, ಹೇಳಿದ್ರೂ ಒಂದು ಸಲಕ್ಕೆ 1000ಕ್ಕಿಂತ ಜಾಸ್ತಿ ಸಿಗಲ್ಲ, ಸ್ಕಿಪ್ ಮಾಡ್ಕೊಂಡು ಹೋಗೋದಕ್ಕೂ 5000ದ ಮಿತಿ ಇದೆ. ದೊಡ್ಡ ಪಟ್ಟಿ ಪೂರ್ತಿ ಬೇಕಂದ್ರೆ ಐಡಿ ಪ್ರಕಾರ ಜೋಡಿಸಿ, ಕೊನೇ ಐಡಿಗಿಂತ ದೊಡ್ಡದು ಕೊಡು ಅಂತ ಮುಂದಿನ ಪುಟ ಕೇಳ್ಬೇಕು. ಪುಟ ಪುಟ ತರ್ತಿರುವಾಗ ಮಧ್ಯೆ ಹೊಸ ಬ್ಲಾಕ್ ಬಂದ್ರೆ ಪಟ್ಟಿ ಕಲಸಿಹೋಗತ್ತೆ, ಅದಕ್ಕೆ ಮೊದಲ ಸಲ ಮೆಟಾದಿಂದ ಬ್ಲಾಕ್ ನಂಬರ್ ತಗೊಂಡು ಎಲ್ಲಾ ಪುಟಕ್ಕೂ ಅದೇ ನಂಬರ್ ಕಟ್ಟಿ ಕೇಳಿ. ಇದನ್ನ ವಿವರಿಸೋ ಬದಲು ಪೂರ್ತಿ ಓಡೋ ಹದಿನೈದು ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಒಂದು ಹಾಕ್ಬಿಡಿ, ಎಲ್ಲರೂ ಅದನ್ನೇ ಎತ್ಕೊಂಡು ಹೋಗ್ತಾರೆ, ಹೋಗ್ಲಿ.

ಉದಾಹರಣೆಗಳನ್ನ ಫೀಚರ್ ಹೆಸರಲ್ಲಿ ಜೋಡಿಸ್ಬೇಡಿ. "ಫಿಲ್ಟರ್ ಬಳಕೆ", "ಆರ್ಡರ್‌ಬೈ ಬಳಕೆ" ಅಂತ ಹುಡ್ಕೊಂಡು ಯಾರು ಬರ್ತಾರೆ? "ಒಂದು ವಾಲೆಟ್‌ನ ಎಲ್ಲಾ ಸ್ವಾಪ್ ತೆಗೆಯೋದು", "ನಿನ್ನೆ ಜಾಸ್ತಿ ವಹಿವಾಟು ಆದ ಹತ್ತು ಪೇರ್" ಅಂತ ಇಡಿ. ಮತ್ತೆ ಆ ಸ್ಮಾಲ್ ಲೆಟರ್ ಎಚ್ಚರಿಕೆನ ಅಡ್ರೆಸ್ ಬರೋ ಮೊದಲ ಉದಾಹರಣೆ ಮೇಲೇ ದಪ್ಪಗೆ ಹಾಕಿ. ಸ್ಕೀಮಾದಲ್ಲಿ ಅಡ್ರೆಸ್‌ನ ಸ್ಟ್ರಿಂಗ್ ಬದಲು ಬೈಟ್ಸ್ ಟೈಪ್ ಮಾಡಿದ್ರೆ ಈ ಸಮಸ್ಯೆನೇ ಬರಲ್ಲ, ಹೊಸ ಪ್ರಾಜೆಕ್ಟ್ ಆದ್ರೆ ಹಂಗೇ ಮಾಡಿ.

ಓಡಿಸೋರ ಪುಟ

ಗ್ರಾಫ್ ನೋಡ್, ಪೋಸ್ಟ್‌ಗ್ರೆಸ್, ಐಪಿಎಫ್ಎಸ್ (ಸಬ್‌ಗ್ರಾಫ್ ಫೈಲ್‌ಗಳು ಕೂರೋ ಜಾಗ), ಒಂದು ಇಥೀರಿಯಮ್ ಆರ್‌ಪಿಸಿ (ಚೈನ್ ನೋಡ್‌ಗೆ ಪ್ರಶ್ನೆ ಕೇಳೋ ವಿಳಾಸ). ನಾಲ್ಕು ಡಬ್ಬಿ ಬರೆದು ಬಾಣ ಹಾಕಿ, ಚಿತ್ರ ಕೈಯಲ್ಲಿ ಬರೆದು ಫೋಟೋ ತೆಗೆದು ಹಾಕಿದ್ರೂ ಸಾಕು. ಪೋರ್ಟ್‌ಗಳ ಪಟ್ಟಿ ಕೊಡಿ: ಡೀಫಾಲ್ಟ್ ಆಗಿ 8000 ಕ್ವೆರಿಗೆ, 8020 ಡಿಪ್ಲಾಯ್ ಮಾಡೋ ಅಡ್ಮಿನ್‌ಗೆ, 8030 ಸಿಂಕ್ ಸ್ಟೇಟಸ್‌ಗೆ, 8040 ಮೆಟ್ರಿಕ್ಸ್‌ಗೆ. 8020ನ ಹೊರಗಿನ ಇಂಟರ್‌ನೆಟ್‌ಗೆ ತೆರೆದಿಡಬೇಡಿ ಅಂತ ಅದರ ಪಕ್ಕದಲ್ಲೇ ಬರೀರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾಡುವಾಗ ಲೊಕೇಲ್ ಸಿ, ಎನ್‌ಕೋಡಿಂಗ್ ಯುಟಿಎಫ್8 ಇರ್ಬೇಕು, ಇದು ಗೊತ್ತಿಲ್ಲದೆ ತಮ್ಮ ಹಳೇ ಪೋಸ್ಟ್‌ಗ್ರೆಸ್‌ಗೆ ಜೋಡಿಸೋಕೆ ಹೋದೋರು ಮೊದಲ ದಿನವೇ ಮುಗ್ಗರಿಸ್ತಾರೆ.

ಆರ್‌ಪಿಸಿ ಬಗ್ಗೆ ಒಂದು ಮಾತು. ಮ್ಯಾಪಿಂಗ್ ಒಳಗೆ ಕಾಂಟ್ರಾಕ್ಟ್‌ನ ಯಾವುದಾದ್ರೂ ಫಂಕ್ಷನ್ ಕರೆದು ಹಳೇ ಬ್ಲಾಕ್‌ನ ಸ್ಥಿತಿ ಕೇಳ್ತಿದ್ರೆ ಆರ್ಕೈವ್ ನೋಡ್, ಅಂದ್ರೆ ಹಳೇ ಸ್ಥಿತಿಗಳನ್ನೆಲ್ಲಾ ಇಟ್ಕೊಂಡಿರೋ ನೋಡ್, ಬೇಕು. ಗೆತ್ ಅನ್ನೋ ಇಥೀರಿಯಮ್ ಸಾಫ್ಟ್‌ವೇರ್‌ನ ಸಾಮಾನ್ಯ ಫುಲ್ ನೋಡ್ ಇತ್ತೀಚಿನ 128 ಬ್ಲಾಕ್‌ನ ಸ್ಥಿತಿ ಮಾತ್ರ ಇಟ್ಕೊಂಡಿರತ್ತೆ, ಅದಕ್ಕಿಂತ ಹಿಂದಿಂದು ಕೇಳಿದ್ರೆ "ಮಿಸ್ಸಿಂಗ್ ಟ್ರೈ ನೋಡ್" ಅಂತ ಎರರ್ ಎಸೆಯತ್ತೆ. ಈ ಥರದ ಎರರ್ ಸಾಲುಗಳನ್ನ ಡಾಕ್ಸ್‌ನಲ್ಲಿ ಒಂದಕ್ಷರನೂ ಬದಲಾಯಿಸದೆ ಲಾಗ್‌ನಿಂದ ಕಾಪಿ ಮಾಡಿ ಹಾಕಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತೋನು ಆ ಎರರ್ ಸಾಲನ್ನೇ ಸರ್ಚ್‌ಗೆ ಹಾಕೋದು, ನಿಮ್ಮ ಚಂದದ ಹೆಡ್ಡಿಂಗ್‌ನ ಅಲ್ಲ.

ಸಬ್‌ಗ್ರಾಫ್ ಫೇಲ್ ಆಗಿ ನಿಂತ್ರೆ ಏನು ಮಾಡ್ಬೇಕು ಅನ್ನೋದನ್ನ ಎರಡು ದಾರಿ ಮಾಡಿ ಬರೀರಿ. ಆರ್‌ಪಿಸಿ ಸತ್ತಿದ್ರೆ ಅದು ಬದುಕಿದ ಮೇಲೆ ತಾನೇ ಮುಂದುವರಿಯತ್ತೆ. ಮ್ಯಾಪಿಂಗ್ ಕೋಡ್‌ನಲ್ಲೇ ತಪ್ಪಿದ್ರೆ ನೂರು ಸಲ ರೀಸ್ಟಾರ್ಟ್ ಮಾಡಿದ್ರೂ ಅದೇ ಬ್ಲಾಕ್‌ಗೆ ಬಂದು ನಿಲ್ಲತ್ತೆ, ಕೋಡ್ ತಿದ್ದಿ ಹೊಸದಾಗಿ ಡಿಪ್ಲಾಯ್ ಮಾಡ್ಲೇಬೇಕು, ಮೊದಲಿಂದ ಸಿಂಕ್ ಆಗೋದು ತಪ್ಪಿಸ್ಬೇಕಂದ್ರೆ ಹಳೇ ಡೇಟಾ ಮೇಲೇ ಮುಂದುವರಿಸೋ ಗ್ರಾಫ್ಟಿಂಗ್ ಇದೆ. ನಿಮ್ಮ ಮಷೀನ್‌ನಲ್ಲಿ ಪೂರ್ತಿ ಸಿಂಕ್‌ಗೆ ಎಷ್ಟು ದಿನ ಹಿಡೀತು ಅಂತ ಅಳೆದು ಬರೀರಿ, ಆ ನಂಬರ್ ಇಲ್ಲದೆ ಮ್ಯಾನೇಜರ್‌ಗೆ "ನಾಳೆ ಬೆಳಿಗ್ಗೆ ಆಗತ್ತೆ ಸರ್" ಅಂತ ಮಾತು ಕೊಟ್ಟು ಸಿಕ್ಕಿಹಾಕ್ಕೊಂಡೋರನ್ನ ನೋಡಿದೀನಿ.

ಹಳಸದೇ ಇರೋ ಹಾಗೆ

ದಿ ಗ್ರಾಫ್‌ನ ಹೋಸ್ಟೆಡ್ ಸರ್ವಿಸ್ (ಅವರೇ ಸಬ್‌ಗ್ರಾಫ್ ಓಡಿಸಿ ಕೊಡ್ತಿದ್ದ ಸೇವೆ) 2024ರ ಜೂನ್‌ನಲ್ಲಿ ಮುಚ್ತು, ಎಲ್ಲರೂ ಡಿಸೆಂಟ್ರಲೈಸ್ಡ್ ನೆಟ್‌ವರ್ಕ್‌ಗೆ ಹೋಗಿ ಅಂದ್ರು. ಹಳೇ ರೀಡ್‌ಮೀಗಳಲ್ಲಿ ಆ ಸತ್ತ ಯುಆರ್‌ಎಲ್ ಇನ್ನೂ ಉಳ್ಕೊಂಡಿರೋದು ಕಣ್ಣಿಗೆ ಬೀಳ್ತಾನೇ ಇರತ್ತೆ. ಎಂಡ್‌ಪಾಯಿಂಟ್‌ನ ಡಾಕ್ಸ್‌ನಲ್ಲಿ ಒಂದೇ ಕಡೆ ಬರೀರಿ, ಮಿಕ್ಕ ಕಡೆಯೆಲ್ಲಾ ಅಲ್ಲಿಗೆ ಲಿಂಕ್ ಕೊಡಿ. ಈ ಡಾಕ್ಸ್ ಯಾವ ಡಿಪ್ಲಾಯ್‌ಮೆಂಟ್ ಐಡಿಗೆ ಬರೆದಿದ್ದು ಅಂತ ಮೇಲ್ಗಡೆ ಹಾಕಿ, ಕೋಡ್ ಬದಲಾದ್ರೆ ಆ ಐಡಿನೂ ಬದಲಾಗೋದ್ರಿಂದ ಡಾಕ್ಸ್ ಹಳೇದಾಯ್ತು ಅಂತ ತಾನೇ ಗೊತ್ತಾಗತ್ತೆ. ಚೇಂಜ್‌ಲಾಗ್‌ನಲ್ಲಿ "ಬಗ್ ಫಿಕ್ಸ್" ಅಂತ ಬರೆದು ಹೋಗ್ಬೇಡಿ, "ವಾಲ್ಯೂಮ್‌ಗೆ ಇಷ್ಟು ದಿನ ಫೀ ಸೇರಿಸಿ ಲೆಕ್ಕ ಹಾಕ್ತಿದ್ವಿ, ಇನ್ಮೇಲೆ ಸೇರಿಸಲ್ಲ, ಹಳೇ ನಂಬರೂ ಬದಲಾಗತ್ತೆ" ಅಂತ ಬರೆದ್ರೆ ಅದನ್ನ ನಂಬಿ ಚಾರ್ಟ್ ಮಾಡಿದೋರು ಉಳ್ಕೋತಾರೆ. ಉದಾಹರಣೆ ಕ್ವೆರಿಗಳನ್ನ ಬೇರೆ ಫೈಲ್‌ಗಳಲ್ಲಿಟ್ಟು ಸಿಐನಲ್ಲಿ (ತಾನೇ ಟೆಸ್ಟ್ ಓಡಿಸೋ ವ್ಯವಸ್ಥೆ) ದಿನಾ ಓಡ್ಸಿ, ಮುರಿದ್ರೆ ನಿಮಗೇ ಮೊದಲು ಗೊತ್ತಾಗ್ಲಿ.

ಕೊನೆಗೆ, ಒಬ್ಬರನ್ನ ಕೂರಿಸಿ

ನಾನು ಈಗ ಮಾಡೋದು ಹೀಗೆ. ಬರೆಯೋಕೆ ಮುಂಚೆ ಪಕ್ಕದ ಟೀಮಿನ ಯಾರನ್ನಾದ್ರೂ ಕಾಫಿಗೆ ಕರ್ಕೊಂಡು ಹೋಗಿ ಕನ್ನಡದಲ್ಲೇ ಪ್ರಾಜೆಕ್ಟ್ ಪೂರ್ತಿ ವಿವರಿಸ್ತೀನಿ, ಫೋನಲ್ಲಿ ರೆಕಾರ್ಡ್ ಹಾಕ್ಕೊಂಡು. ಎಲ್ಲೆಲ್ಲಿ ನನ್ನ ಬಾಯಲ್ಲಿ "ಅದು ಹಂಗೇ ಬಿಡು" ಅಂತ ಬಂತೋ ಅಲ್ಲೆಲ್ಲಾ ಡಾಕ್ಸ್‌ನಲ್ಲಿ ಒಂದು ಪ್ಯಾರಾ ಬೇಕು ಅಂತ ಅರ್ಥ. ಬರೆದಾದ ಮೇಲೆ ಹೊಸಬರೊಬ್ಬರಿಗೆ ಲಿಂಕ್ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತ್ಕೋತೀನಿ, ಇದು ಕಷ್ಟ, ನಾಲಿಗೆ ತುರಿಸ್ತಾನೇ ಇರತ್ತೆ. ಅವರು ಯಾವ ಸಾಲಲ್ಲಿ ನಿಂತ್ರು, ಎಲ್ಲಿ ಮೇಲೆ ಸ್ಕ್ರೋಲ್ ಮಾಡಿದ್ರು, ಯಾವಾಗ ಡಾಕ್ಸ್ ಬಿಟ್ಟು ಕೋಡ್ ತೆಗೆದ್ರು ಅಂತ ಬರ್ಕೋತೀನಿ. ಹೋದ ಸಲ ಕೂರಿಸಿದ್ದು ಅದೇ ಫ್ರಂಟ್‌ಎಂಡ್ ಹುಡುಗನ್ನ. ಸ್ಮಾಲ್ ಲೆಟರ್ ಎಚ್ಚರಿಕೆ ಕಂಡ ತಕ್ಷಣ ನನ್ನ ಕಡೆ ತಿರುಗಿ ನಕ್ಕ, ಆಮೇಲೆ ಮುಂದಿನ ಉದಾಹರಣೆ ಕ್ವೆರಿ ಪೇಸ್ಟ್ ಮಾಡಿದ, ಖಾಲಿ ಅರೇ ಬಂತು. ನೋಡಿದ್ರೆ ಆ ಉದಾಹರಣೆಯ ಅಡ್ರೆಸ್‌ನ ನಾನೇ ಎಕ್ಸ್‌ಪ್ಲೋರರ್‌ನಿಂದ ಕಾಪಿ ಮಾಡಿ ಹಾಕಿದ್ದೆ.